ರೊಟ್ಟಿ ಮುರಿಯದ ಗಾಲಿ

ಸಿದ್ಧಾರೂಢ ಒಳ್ಳೆಯ ಮನುಷ್ಯ. ಆದರೆ ಕೇಳದೆ ಉಡುಗೊರೆ ತರುವ ಚಟ ಅವನಿಗಿತ್ತು, ಆ ಚಟಕ್ಕೆ ಮದ್ದಿಲ್ಲ. ಒಮ್ಮೆ ಹೆಂಡತಿಗೆಂದು ವ್ಯಾಯಾಮದ ಸೈಕಲ್ಲು ತಂದ. ಅದರ ಮೇಲೆ ಈಗ ಟವೆಲ್ಲು ಒಣಗುತ್ತವೆ. ಈ ವರ್ಷ ಮದುವೆಯಾದ ದಿನದ ನೆಪ ಸಿಕ್ಕಿತು. ಬೆಳಿಗ್ಗೆ ಶೈಲಜಾಳ ಬಿಳಿ ಕಾರನ್ನು "ಹವಾ ಹಾಕಿಸಿಕೊಂಡ ಬರತೇನಿ" ಎಂದು ಒಯ್ದವನು, ಮಧ್ಯಾಹ್ನ ಹಾರ್ನ್ ಬಾರಿಸುತ್ತ ಓಣಿಗೆ ಬಂದಾಗ ಕಾರಿನ ಕಾಲೇ ಬದಲಾಗಿದ್ದವು. ಹದಿನೇಳು ಇಂಚಿನ ಅಲಾಯ್ ಗಾಲಿ, ಫಳಫಳ ಹೊಳೆಯುವ ಕಡ್ಡಿಗಳು, ಅವುಗಳ ಸುತ್ತ ಬಳೆ ತೊಡಿಸಿದ ಹಾಗೆ ತೆಳ್ಳಗಿನ ಟೈರು.

ಸುಳ್ಳೇಕೆ ಹೇಳಬೇಕು, ಶೈಲಜಾಳಿಗೂ ಹಿಗ್ಗಾಯಿತು. ಕಾರು ತಗೊಂಡಾಗ ಬಂದಿದ್ದ ಹದಿನಾಲ್ಕು ಇಂಚಿನ ಸಣ್ಣ ಗಾಲಿಗಳಿಗೆ ಪ್ಲಾಸ್ಟಿಕ್ಕಿನ ಮುಚ್ಚಳವಿತ್ತು, ಅದರಲ್ಲೂ ಒಂದು ಎಲ್ಲೋ ಉದುರಿ ಹೋಗಿತ್ತು. ಈಗ ಬೈಲಹೊಂಗಲದ ಬಜಾರಿನಲ್ಲಿ ಹೊರಟರೆ ಕಾಲೇಜು ಹುಡುಗರು ತಿರುಗಿ ನೋಡುತ್ತಿದ್ದರು. ಏನೂ ಕೆಲಸವಿಲ್ಲದಿದ್ದರೂ ಅವಳು ಎಪಿಎಂಸಿ ಕಡೆಯಿಂದ ಒಂದು ಸುತ್ತು ಹಾಕಿ ಮನೆಗೆ ಬಂದಳು. ಯಾಕೆ ಬಳಸಿ ಬಂದೆ ಎಂದು ಯಾರೂ ಕೇಳಲಿಲ್ಲ.

ಆದರೆ ಆ ಕಾರು ಮೆರವಣಿಗೆಗೆ ಇದ್ದದ್ದಲ್ಲ, ದುಡಿಯಲು ಇದ್ದದ್ದು. ಮನೆಯ ಹಿಂದಿನ ಪಡಸಾಲೆಯಲ್ಲಿ ದಿನವೂ ನಸುಕಿಗೇ ರೊಟ್ಟಿ ಬಡಿಯುವ ಸದ್ದು ಏಳುತ್ತಿತ್ತು. ಬಿಳಿಜೋಳದ ಖಡಕ್ ರೊಟ್ಟಿ. ಒಳ್ಳೆಯದಾದರೆ ಹಪ್ಪಳದಷ್ಟು ತೆಳ್ಳಗೆ, ತಾಟಿನಷ್ಟು ಅಗಲ, ಬೆರಳಿಂದ ಚಿಮ್ಮಿದರೆ ಟಣ್ ಎನ್ನಬೇಕು. ಕೆಲಸಕ್ಕೆ ಬರುವ ಹೆಂಗಸರು ಬಡಿದದ್ದನ್ನು ಶೈಲಜಾ ಡಬ್ಬಿಗಳಲ್ಲಿ ಒಂದರ ಮೇಲೊಂದು ಥಪ್ಪಿಯಾಗಿ ಜೋಡಿಸಿ, ತಾನೇ ಕಾರು ಓಡಿಸಿಕೊಂಡು ಒಂದು ದಿನ ಕಿತ್ತೂರಿನ ಖಾನಾವಳಿಗಳಿಗೆ, ಒಂದು ದಿನ ಸವದತ್ತಿಗೆ, ಒಂದು ದಿನ ರಾಮದುರ್ಗಕ್ಕೆ ಮುಟ್ಟಿಸುತ್ತಿದ್ದಳು. ಆ ಹೆಂಗಸರಿಗೆಲ್ಲ ಹಿರಿಯಳು ಇಂದ್ರವ್ವ. ಅವಳ ಕೈಯ ರೊಟ್ಟಿಗೆ ಅಂಚಿನಲ್ಲೂ ಬಿರುಕಿಲ್ಲವೆಂದು ನಾಲ್ಕು ತಾಲೂಕು ಮಾತಾಡುತ್ತಿತ್ತು.

ಹೊಸ ಗಾಲಿ ಬಂದ ವಾರವೇ ಕಿತ್ತೂರಿನಿಂದ ದೂರು ಬಂತು, ಮೇಲಿನ ರೊಟ್ಟಿಗಳು ಮುರಿದಿವೆ ಎಂದು. ಮರುದಿನ ಸವದತ್ತಿಯಲ್ಲಿ ನಡುವಿನವೂ ಮುರಿದಿದ್ದವು. ಗಾಲಿಯ ಮೇಲೆ ಯಾರಿಗೆ ಅನುಮಾನ ಬರಬೇಕು? ಮೊದಲು ಜೋಳವನ್ನು ಬೈದರು, ಬೇರೆ ಚೀಲ ಬಿಚ್ಚಿದರು. ಆಮೇಲೆ ಬೀಸಿದ ಗಿರಣಿಯನ್ನು ಬೈದರು. ಆಮೇಲೆ ಹಂಚಿನ ಉರಿ, ಆಷಾಢದ ತಂಪು ಹವೆ, ನಾದುವ ನೀರು, ಎಲ್ಲಕ್ಕೂ ಒಂದೊಂದು ಸರದಿ. ಬೈಯಲು ಏನೂ ಉಳಿಯದೆ ಹೋದಾಗ ಶೈಲಜಾ ಒಂದು ಮುಂಜಾನೆ ಇಂದ್ರವ್ವನ ಬೆನ್ನ ಹಿಂದೆ ಸುಮ್ಮನೆ ನಿಂತು ಅವಳ ಕೈ ನೋಡತೊಡಗಿದಳು.

"ಅಕ್ಕಾರ, ಹಿಂದ ನಿಂತ ಯಾಕ ನೋಡತೀರಿ? ಮುಂದ ಬಂದ ಕುಂತ ನೋಡ್ರಿ" ಎಂದಳು ಇಂದ್ರವ್ವ, ತಲೆ ಎತ್ತದೆ. ಶೈಲಜಾ ನಾಚಿಕೊಂಡು ಒಳಗೆ ಹೋದಳು.

ಮುರಿದ ರೊಟ್ಟಿಯೆಲ್ಲ ಮನೆಗೇ ವಾಪಸ್ಸು. ಸಿದ್ಧಾರೂಢ ಮುಂಜಾನೆ ಅದನ್ನು ಮೊಸರಿಗೆ ಹಾಕಿಕೊಂಡು ತಿಂದ, ಮಧ್ಯಾಹ್ನ ಸಾರಿಗೆ ಹಾಕಿಕೊಂಡು ತಿಂದ, ಸಂಜೆ ಒಗ್ಗರಣೆ ಕೊಟ್ಟಿದ್ದನ್ನು ತಿಂದ. ತನ್ನ ಉಡುಗೊರೆಯ ಫಲವನ್ನೇ ತಾನು ಉಣ್ಣುತ್ತಿದ್ದೇನೆಂಬುದು ಪಾಪ ಅವನಿಗೆ ಗೊತ್ತಿರಲಿಲ್ಲ.

ರೊಟ್ಟಿ ಹಬ್ಬಕ್ಕೆ ಒಂದು ವಾರ ಉಳಿದಾಗ ರಾಮದುರ್ಗದ ಮಹಾನಂದಾಳ ಫೋನು ಬಂತು. ಮಹಾನಂದಾ ಅಲ್ಲಿಯ ಮಹಿಳಾ ಸಂಘದ ಮುಖ್ಯಸ್ಥೆ, ಮಾತು ನೇರ. ನಾಗರ ಪಂಚಮಿಯ ಹಿಂದಿನ ದಿನ ರೊಟ್ಟಿ ಹಬ್ಬ. ಅಂದು ತಾಟು ತುಂಬ ರೊಟ್ಟಿ, ಪಲ್ಯೆ, ಚಟ್ನಿ ಮನೆಯಿಂದ ಮನೆಗೆ ಹೋಗುತ್ತವೆ, ಆ ಮನೆಯಿಂದಲೂ ಹಾಗೆಯೇ ತುಂಬಿ ಬರುತ್ತವೆ. ನೌಕರಿಗೆ ಹೋಗುವ ಹೆಂಗಸರಿಗೆ ಅಷ್ಟು ಬಡಿಯಲು ಹೊತ್ತಿಲ್ಲ, ಅದಕ್ಕೆ ಸಂಘದವರು ಎಲ್ಲರ ಪಾಲಿನದನ್ನೂ ಶೈಲಜಾಳಿಗೇ ಹೇಳುತ್ತಿದ್ದರು. ವರ್ಷದ ಎಲ್ಲಕ್ಕಿಂತ ದೊಡ್ಡ ಕೆಲಸ ಅದು.

"ಶೈಲಜಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದಳು ಮಹಾನಂದಾ. "ಈ ಸಲದ ರೊಟ್ಟಿ ಅರ್ಧಕ್ಕರ್ಧ ಚೂರ ಆಗ್ಯಾವು. ದಿನದ ಊಟಕ್ಕ ಹೆಂಗರ ನಡೀತೈತಿ. ಪಂಚಮಿ ತಾಟಿನ್ಯಾಗ ಮುರಕ ರೊಟ್ಟಿ ಇಟ್ಟ ಕಳಸಿದ್ರ ಉಂಡ ಉಳದದ್ದು ಕಳಸ್ಯಾರ ಅಂತಾರ ಮಂದಿ. ನಿಮ್ಮ ಇಂದ್ರವ್ವಗ ವಯಸ್ಸಾತು ಕಾಣತೈತಿ, ಕೈ ಹದಾ ತಪ್ಪೇತಿ. ಬ್ಯಾರೆ ಕಡೆ ಹೇಳಬೇಕಂತ ಮಾಡೇನಿ."

ಕೈತುಂಬ ಹಿಟ್ಟಿದ್ದುದರಿಂದ ಶೈಲಜಾ ಸ್ಪೀಕರ್ ಹಾಕಿದ್ದಳು. ಪಡಸಾಲೆಯೆಲ್ಲ ಕೇಳಿತು. ರೊಟ್ಟಿ ಬಡಿಯುವ ಸದ್ದು ಒಮ್ಮೆಲೇ ನಿಂತಿತು. ಇಂದ್ರವ್ವ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ, ಬೇಯಿಸಿ, ಇಳಿಸಿಯೇ ಎದ್ದಳು. ಕೈ ತೊಳೆದಳು. ತಾನು ಬಡಿದದ್ದರಲ್ಲಿ ಒಂದು ಥಪ್ಪಿ ಬುಟ್ಟಿಗೆ ಹಾಕಿಕೊಂಡಳು.

"ಉಗರಗೋಳಕ್ಕ ಮಗಳ ಮನಿಗೆ ಹೊಂಟೇನ್ರಿ ಅಕ್ಕಾರ. ಅಳಿಯ ಜೀಪ್ ತಂದಾನ, ಸವದತ್ತಿ ಮ್ಯಾಲೇ ಹೊಕ್ಕಾನ. ನನ್ನ ಕೈ ಕೆಟ್ಟೈತಂದ್ರ ನಾ ಇಲ್ಲಿ ಇದ್ದು ಏನ್ ಮಾಡ್ಲಿ? ಇನ್ನೊಬ್ಬರಿಗೆ ಹೇಳಿ ಬಡಸ್ರಿ."

ಶೈಲಜಾ ಬಾಯಿ ತೆರೆಯುವಷ್ಟರಲ್ಲಿ ಅವಳು ಅಂಗಳ ದಾಟಿದ್ದಳು. ಅಂಥ ಹಿರಿಯಳನ್ನು ಬಾಗಿಲಲ್ಲಿ ಅಡ್ಡ ನಿಂತು ತಡೆಯುವ ಧೈರ್ಯ ಶೈಲಜಾಳಿಗೆ ಆಗಲಿಲ್ಲ. ಬಡಿದ ರೊಟ್ಟಿಯನ್ನಂತೂ ಮುಟ್ಟಿಸಲೇಬೇಕಲ್ಲ. ಇಂದ್ರವ್ವ ಮಾಡಿಟ್ಟಿದ್ದ ಉಳಿದ ಥಪ್ಪಿಗಳನ್ನು ಡಿಕ್ಕಿಗೆ ತುಂಬಿಕೊಂಡು ಸವದತ್ತಿಗೆ ಹೊರಟಳು. ಅಲ್ಲಿ ಡಬ್ಬಿ ಬಿಚ್ಚಿದರೆ ಮತ್ತೆ ಚೂರು. ಅಂಗಡಿಯವನು ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿ ಅವಳ ಕಡೆಗೇ ಸರಿಸಿದ. ಬೈದಿದ್ದರೇ ಚೆನ್ನಾಗಿತ್ತು.

ಅಲ್ಲಿಂದ ಅವಳು ಮನೆಗೆ ತಿರುಗಲಿಲ್ಲ. ನೇರ ಉಗರಗೋಳಕ್ಕೆ ಹೋದಳು. ಇಂದ್ರವ್ವನ ಮಗಳು ರಂಜನಾ ಚಹಾ ಇಟ್ಟಳು. ಇಂದ್ರವ್ವ ಒಳಗೆ ಹೋಗಿ ಬುಟ್ಟಿ ತಂದು, ಶೈಲಜಾಳ ಮುಂದೆ ಬಟ್ಟೆ ಹಾಸಿ, ಒಂದೊಂದೇ ರೊಟ್ಟಿ ಎತ್ತಿ ಇಟ್ಟಳು. ಎಲ್ಲವೂ ಪೂರ್ಣ ಚಂದ್ರ. ಅಂಚು ಕೂಡ ಹಾರಿರಲಿಲ್ಲ.

"ಇವು ಹೆಂಗ ಬಂದುವು?" ಎಂದಳು ಶೈಲಜಾ.

"ಹೆಂಗ ಬರತಾವ್ರಿ? ಜೀಪಿನ ಹಿಂದ ನೆಲದ ಮ್ಯಾಲ ಬುಟ್ಟಿ ಇಟ್ಟಿದ್ದೆ. ಅದರ ಮಗ್ಗಲಿಗೆ ಎಲ್ಲಮ್ಮನ ಗುಡ್ಡಕ್ಕ ಹೋಗೋ ಮಂದಿ ಒತ್ತಿ ಕುಂತಿದ್ರು."

ಅದೇ ಹಿಟ್ಟು, ಅದೇ ಕೈ, ಅದೇ ದಾರಿ, ಅದೇ ದಿನ. ಶೈಲಜಾ ಚಹಾದ ಕಪ್ಪು ಕೆಳಗಿಟ್ಟು ಅಂಗಳಕ್ಕೆ ಬಂದಳು. ಅಳಿಯ ಯಮನಪ್ಪ ಯಾತ್ರಿಕರನ್ನು ಸಾಗಿಸುವ ಹಳೆಯ ಜೀಪು ಅಲ್ಲೇ ನಿಂತಿತ್ತು, ಅದರ ಪಕ್ಕ ಅವಳ ಬಿಳಿ ಕಾರು. ಜೀಪಿನ ಸಣ್ಣ ಗಾಲಿಯ ಸುತ್ತ ಗೇಣುದ್ದ ರಬ್ಬರು, ಕೆಳಗೆ ನೆಲ ಮುಟ್ಟುವಲ್ಲಿ ಸ್ವಲ್ಪ ಉಬ್ಬಿ ಕುಳಿತಿತ್ತು. ಅವಳ ಕಾರಿನ ದೊಡ್ಡ ಗಾಲಿಗೂ ನೆಲಕ್ಕೂ ನಡುವೆ ರಬ್ಬರೆಂಬುದು ಹೆಸರಿಗೆ ಮಾತ್ರ. ತಗ್ಗಿನ ಏಟನ್ನು ಜೀಪಿನಲ್ಲಿ ರಬ್ಬರು ತಿನ್ನುತ್ತಿತ್ತು. ಅವಳ ಕಾರಿನಲ್ಲಿ ರೊಟ್ಟಿ ತಿನ್ನುತ್ತಿತ್ತು.

ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಕೊನೆಗೆ ಕಣ್ಣಲ್ಲಿ ನೀರೇ ಬಂತು. ಒಳಗೆ ಬಂದು ಇಂದ್ರವ್ವನ ಎರಡೂ ಕೈ ಹಿಡಿದಳು. "ತಪ್ಪ ನಿಮ್ಮ ಕೈದಲ್ಲ ಇಂದ್ರವ್ವಾ, ನನ್ನ ಗಾಡಿದು. ನಿಮ್ಮ ಮ್ಯಾಲ ಸಂಶಯ ಪಟ್ಟೆ, ನಂದ ತಪ್ಪು. ಮನಿಗೆ ನಡೀರಿ."

ಇಂದ್ರವ್ವ ಸುಲಭಕ್ಕೆ ಕರಗುವವಳಲ್ಲ. "ರಾಮದುರ್ಗದಾಕಿ ಅಂದ ಮಾತ?"

"ಆಕಿ ಬಾಯಲೇ ವಾಪಸ್ ತೊಗೊಳ್ಳಂಗ ಮಾಡತೇನಿ."

"ಹಂಗಾದ್ರ ರೊಟ್ಟಿ ಹಬ್ಬದ ದಿನ ನಾನೂ ಗಾಡ್ಯಾಗ ಬರಾಕಿ. ಡಬ್ಬಿ ತೆಗಿಯೂದು ನನ್ನ ಎದುರಿಗೆ ಆಗಬೇಕು" ಎಂದು ಇಂದ್ರವ್ವ ಸೆರಗು ಸರಿಪಡಿಸಿಕೊಂಡು ಎದ್ದಳು.

ಮನೆಗೆ ಬರುವ ದಾರಿಯಲ್ಲೇ ಶೈಲಜಾ ಮಹಾನಂದಾಳಿಗೆ ಫೋನು ಮಾಡಿದಳು. "ಹಬ್ಬದ ಮುಂಜಾನೆ ನಿಮ್ಮ ಮುಂದ ಡಬ್ಬಿ ಬಿಚ್ಚತೇನ್ರಿ. ಮುರದದ್ದು ಕಂಡ್ರ ಎಲ್ಲಾ ವಾಪಸ್ ಒಯ್ತೇನಿ, ಇನ್ನ ಮುಂದ ನಿಮ್ಮ ಊರಿಗೇ ಬರಂಗಿಲ್ಲ." "ಆತ್ರಿ, ನೋಡೂಣು" ಎಂದಳು ಮಹಾನಂದಾ. ಒಪ್ಪಿಗೆಯಂತೂ ಸಿಕ್ಕಿತು, ಆದರೆ ಈಗ ಹೆಜ್ಜೆ ಹಿಂದಿಡುವಂತಿರಲಿಲ್ಲ.

ಸಿದ್ಧಾರೂಢ ಒಪ್ಪಿಕೊಳ್ಳಲು ತಯಾರಿರಲಿಲ್ಲ. "ಗಾಲಿದೇನ ತಪ್ಪು? ಹವಾ ಜಾಸ್ತಿ ಆಗೇತಿ. ಸ್ವಲ್ಪ ಬಿಟ್ರ ಮೆತ್ತಗ ಆಗತೈತಿ" ಎಂದು ನಾಲ್ಕೂ ಟೈರಿನ ಹವಾ ಇಳಿಸಿದ. ಮರುದಿನ ತಾನೇ ಓಡಿಸುತ್ತೇನೆಂದು ಹಟ ಹಿಡಿದು ಹೋದ. ಊರವರೇ ರಸ್ತೆಗೆ ಅಡ್ಡ ಸಿಮೆಂಟು ಸುರಿದು ಕಟ್ಟಿದ ಒಂದು ಹಂಪಿನ ಮೇಲೆ ಢಬ್ ಎಂದು ಬಡಿದು, ಮೊದಲೇ ತೆಳ್ಳಗಿನ ಟೈರು ಚಪ್ಪಟೆಯಾಗಿ, ಗಾಲಿಯ ಅಂಚೇ ಡೊಂಕಾಯಿತು. ಕುಂಟುತ್ತ ಬಂದ ಕಾರಿನ ಮುಂದೆ ಅವನು ಮಂಕಾಗಿ ನಿಂತದ್ದನ್ನು ನೋಡಿ ಶೈಲಜಾಳಿಗೆ ಬೈಯಲೂ ಮನಸ್ಸಾಗಲಿಲ್ಲ. ಪ್ರೀತಿಯಿಂದಲೇ ತಂದದ್ದು ತಾನೇ.

"ನಡೀರಿ, ಅಂಗಡಿಗೆ ಹೋಗೂಣು" ಎಂದಳು. ಹೋಗುವಾಗ ಒಂದು ಡಬ್ಬಿ ತುಂಬ ರೊಟ್ಟಿ ಹಿಡಿದುಕೊಂಡಳು.

ಆ ಗಾಲಿ ಮಾರಿದ ಟೈರಿನ ಅಂಗಡಿಯ ರಾಮಲಿಂಗಪ್ಪ ಮಾತಿನ ಮಲ್ಲ. ಕೇಳಿದ್ದನ್ನು ಕೊಡುವವನೇ ಹೊರತು ಬೇಡ ಅನ್ನುವವನಲ್ಲ. ಸಂಗತಿ ಕೇಳಿ ಹಣೆ ಹಣೆ ಬಡಿದುಕೊಂಡ. "ರೊಟ್ಟಿ ಒಯ್ಯೂ ಗಾಡಿ ಅಂತ ಸಾಹೇಬ್ರು ಒಂದ ಮಾತ ಹೇಳಬೇಕಿಲ್ಲೇನ್ರಿ? ನೋಡ್ರಿ ಅಕ್ಕಾರ, ಟೈರಿನ ಮ್ಯಾಲ ಮೂರ ಅಂಕಿ ಇರತಾವು. ಮೊದಲಿಂದು ಅಗಲ. ಕಡೀದು ಒಳಗಿನ ಗಾಲಿ ಎಷ್ಟ ಇಂಚು. ನಡುವಿಂದು ರಬ್ಬರಿನ ಎತ್ತರ, ಅಗಲದಾಗ ನೂರಕ್ಕ ಎಷ್ಟು ಅಂತ. ನಿಮ್ಮ ಗಾಡ್ಯಾಗ ಈಗ ಐತೆಲ್ಲಾ, 205/45, ಹದಿನೇಳು. ನಲವತ್ತೈದಂದ್ರ ರಬ್ಬರ ಇಲ್ಲಂತನ ತಿಳೀರಿ. ಎಲ್ಲಾರೂ ಕಡೀ ಅಂಕಿ ಕೇಳತಾರು. ನಡುವಿಂದ ಯಾರೂ ಕೇಳಂಗಿಲ್ಲ."

"ನಾ ಕೇಳಾಕ ಬಂದೇನಿ" ಎಂದಳು ಶೈಲಜಾ.

ಹಳೆಯ ಹದಿನಾಲ್ಕಕ್ಕೇ ಮರಳಿದರಾಯಿತಲ್ಲ ಎಂದು ಯಾರಾದರೂ ಅಂದಾರು. ಅವಳೂ ಅದನ್ನು ಯೋಚಿಸಿದ್ದಳು. ಅವು ಮೆತ್ತಗಿದ್ದವು ನಿಜ, ಆದರೆ ಅಗಲ ಕಡಿಮೆ. ಮಳೆಗಾಲದಲ್ಲಿ ಹೊಲದ ಟ್ರ್ಯಾಕ್ಟರುಗಳು ಎರೆಮಣ್ಣು ಮೆತ್ತಿಸಿದ ರಸ್ತೆಯ ಮೇಲೆ ತುಂಬಿದ ಗಾಡಿ ಬ್ರೇಕು ಹಾಕಿದಾಗ ಜಾರುತ್ತಿತ್ತು. ಒಮ್ಮೆ ಸಿರಸಂಗಿಯ ದಾರಿಯಲ್ಲಿ ಗಾಡಿ ಅಡ್ಡ ತಿರುಗಿ ನಿಂತದ್ದನ್ನು ಅವಳು ಮನೆಯಲ್ಲಿ ಹೇಳಿಯೇ ಇರಲಿಲ್ಲ. ರೊಟ್ಟಿಯೂ ಉಳಿಯಬೇಕು, ಓಡಿಸುವವಳೂ ಉಳಿಯಬೇಕು.

ಸಿದ್ಧಾರೂಢನ ಕಣ್ಣು ಮೊದಲು ಹದಿನಾರರ ಮೇಲೆ ಬಿತ್ತು. 205/55. "ಇದರಾಗ ರಬ್ಬರೂ ಐತಿ, ಗಾಲೀನೂ ದೊಡ್ಡದೈತಿ" ಎಂದ ಆಸೆಯಿಂದ. ರಾಮಲಿಂಗಪ್ಪ ಅದನ್ನು ತೊಡಿಸಿದ. ಹಿಂದಿನ ಸೀಟಿನ ಮೇಲೆ ಒಂದು ಥಪ್ಪಿ ಇಟ್ಟುಕೊಂಡು ಸವದತ್ತಿ ರಸ್ತೆಯ ಹಂಪು, ತಗ್ಗು ಎಲ್ಲ ಹತ್ತಿಳಿಸಿ ಬಂದರು. ರೊಟ್ಟಿ ಮುರಿದಿರಲಿಲ್ಲ. ಗಂಡಸರಿಬ್ಬರೂ ಕೈ ಕುಲುಕಿದರು. ಚಹಾ ತರಿಸುವ ಮಾತೂ ಆಯಿತು.

"ತಡೀರಿ" ಎಂದಳು ಶೈಲಜಾ. "ನಾ ದಿನಾ ಖಾಲಿ ಗಾಡಿ ಓಡಸತೇನೇನ್ರಿ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾಲಿ ಕೂತಿತೋ ಇಲ್ಲವೋ ಎಂದು ಖಾಲಿ ಗಾಡಿಯಲ್ಲಿ ನೋಡುವುದೇ ಆ ಅಂಗಡಿಯ ವಾಡಿಕೆ. ಹುಣ್ಣಿಮೆಗೆ ಮನೆಮಂದಿಯನ್ನೆಲ್ಲ, ಬುತ್ತಿ ಬುಟ್ಟಿಗಳನ್ನೆಲ್ಲ ತುಂಬಿಕೊಂಡು ಎಲ್ಲಮ್ಮನ ಗುಡ್ಡ ಹತ್ತುವ ಊರಿನಲ್ಲಿ ಖಾಲಿ ಗಾಡಿ ಯಾರು ಓಡಿಸುತ್ತಾರೋ ದೇವರೇ ಬಲ್ಲ. ಶೈಲಜಾ ಡಿಕ್ಕಿಗೆ ಜೋಳದ ಚೀಲ ಹೊರಿಸಿದಳು. ಹಿಂದಿನ ಸೀಟಿನಲ್ಲಿ ಗಂಡನನ್ನೂ ಪಕ್ಕದ ಅಂಗಡಿಯ ಭೀಮಶಿಯನ್ನೂ ಕೂರಿಸಿದಳು. ಮುಂದೆ ರಾಮಲಿಂಗಪ್ಪನೇ ಕುಳಿತ, ಅವನ ತೂಕವೂ ಕಡಿಮೆಯಲ್ಲ. ಮೊದಲ ಹಂಪು ಇಳಿದು ತಿರುವು ತಗೊಂಡದ್ದೇ ತಡ, ಗಾಲಿಯ ಮೇಲಿನಿಂದ ಕರ್ರ್ ಎಂದು ಸದ್ದು. ಟೈರು ಮೇಲಿನ ತಗಡಿನ ಗೂಡಿಗೆ ತಿಕ್ಕುತ್ತಿತ್ತು.

"ಕೇಳಿಸ್ತೇನ್ರಿ?" ಎಂದಳು ಶೈಲಜಾ. ಕೇಳಿಸಿಲ್ಲ ಎನ್ನುವ ಮುಖ ಮೂವರಲ್ಲಿ ಯಾರಿಗೂ ಇರಲಿಲ್ಲ.

ಮರಳಿ ಅಂಗಡಿಗೆ ಬಂದ ಮೇಲೆ ರಾಮಲಿಂಗಪ್ಪ ನಿಜವಾಗಿ ಕೆಲಸಕ್ಕಿಳಿದ. ಅಂಗಡಿಯಲ್ಲೇ ಬಿಟ್ಟಿದ್ದ ಕಾರಿನ ಹಳೆಯ ಗಾಲಿಯೊಂದನ್ನು ತಂದು ನೆಲದ ಮೇಲೆ ನಿಲ್ಲಿಸಿದ. ಅದರ ಪಕ್ಕ ಹದಿನಾರನ್ನು ನಿಲ್ಲಿಸಿ ಎರಡರ ಮೇಲೂ ಒಂದು ಕೋಲು ಅಡ್ಡ ಇಟ್ಟ. ಕೋಲು ವಾಲಿತು. ಹದಿನಾರು ಒಟ್ಟಾರೆಯಾಗಿಯೇ ಎತ್ತರ, ಅದಕ್ಕೇ ತಿಕ್ಕಿದ್ದು. ಹದಿನೇಳನ್ನು ಇಟ್ಟ, ಕೋಲು ಹೆಚ್ಚುಕಡಿಮೆ ಸಮ ನಿಂತಿತು, ಆದರೆ ಆ ಎತ್ತರವೆಲ್ಲ ಬರೀ ಲೋಹ. ಆಮೇಲೆ ಒಳಗಿನಿಂದ ಹದಿನೈದು ಇಂಚಿನದನ್ನು ತಂದ, 185/65. ಕೋಲು ಸಮ ನಿಂತಿತು. ಶೈಲಜಾ ಬಗ್ಗಿ ಹೆಬ್ಬೆರಳಿಂದ ಅದರ ಬದಿಯನ್ನು ಅಳೆದಳು. ಹಳೆಯದಕ್ಕಿಂತ ತುಸು ಕಡಿಮೆ ರಬ್ಬರು, ಆದರೆ ನೆಲಕ್ಕೆ ಕೂರುವ ಅಗಲ ಹೆಚ್ಚು.

"ಎತ್ತರ ಹಳೇದರಷ್ಟ ಇರೋದರಿಂದ ಸ್ಪೀಡಿನ ಮೀಟರೂ ಖರೇ ಹೇಳತೈತ್ರಿ" ಎಂದ ರಾಮಲಿಂಗಪ್ಪ. "ಭಾರ ಹೊರೂ ತಾಕತ್ತೂ ಹಳೇದಕ್ಕಿಂತ ಒಂದ ಕೈ ಮ್ಯಾಲ. ಹವಾ ಮಾತ್ರ ಬಾಗಿಲಿಗೆ ಹಚ್ಚಿದ ಚೀಟಿ ಪ್ರಕಾರ, ತುಂಬಿದ ಗಾಡಿಗೆ ಬರದೈತೆಲ್ಲಾ, ಅಷ್ಟ. ಮೆತ್ತಗಾಗಲಿ ಅಂತ ಬಿಡಬಾರದು." ಕೊನೆಯ ಮಾತಿಗೆ ಸಿದ್ಧಾರೂಢ ಛಾವಣಿ ನೋಡಿದ.

ಅದೇ ಚೀಲ, ಅದೇ ಮೂವರು, ಅದೇ ಹಂಪು. ಈ ಸಲ ತಿಕ್ಕಲಿಲ್ಲ. ಶೈಲಜಾ ಬೇಕೆಂದೇ ಒಂದು ತಗ್ಗಿಗೆ ಇಳಿಸಿದಳು, ತಿರುವಿನಲ್ಲಿ ಬ್ರೇಕು ಹಾಕಿದಳು. ಗಾಡಿ ರಸ್ತೆ ಬಿಡಲಿಲ್ಲ. ಡಬ್ಬಿ ತೆರೆದಾಗ ರೊಟ್ಟಿ ಎಲ್ಲ ನೆಟ್ಟಗಿದ್ದವು. ಭೀಮಶಿ ತನಗೆ ಸಂಬಂಧವಿಲ್ಲದಿದ್ದರೂ ಚಪ್ಪಾಳೆ ಹೊಡೆದ.

"ನೋಡಾಕ ಸ್ವಲ್ಪ ಸಣ್ಣ ಕಾಣತಾವು" ಎಂದು ಸಿದ್ಧಾರೂಢ ಮೆಲ್ಲಗೆ ಅಂದ.

ಶೈಲಜಾ ಗಂಡನ ಕಡೆ ತಿರುಗಿದಳು. "ಅಳತಿ ನಂದು, ಬಣ್ಣ ನಿಮ್ಮದು. ಹೋಗಿ ಆರಿಸ್ರಿ."

ಅವನ ಮುಖ ಅರಳಿತು. ಬೂದಿ ಬಣ್ಣದ, ಅಂಚಿಗೆ ಬೆಳ್ಳಿ ಗೆರೆಯಿರುವ ಗಾಲಿಗಳನ್ನು ಅವನು ಆರಿಸಿದ. ನಿಜಕ್ಕೂ ಚೆಂದ ಇದ್ದವು, ಅದನ್ನು ಅಲ್ಲಗಳೆಯಬಾರದು.

ರೊಟ್ಟಿ ಹಬ್ಬದ ಬೆಳಿಗ್ಗೆ ಜಿಟಿಜಿಟಿ ಮಳೆ. ಡಿಕ್ಕಿ ಮತ್ತು ಹಿಂದಿನ ಸೀಟು ತುಂಬ ಡಬ್ಬಿಗಳು, ಮುಂದೆ ಇಳಕಲ್ ಸೀರೆಯುಟ್ಟ ಇಂದ್ರವ್ವ. ಸೀಟಿನ ಬೆಲ್ಟು ಹಾಕಿಕೊಂಡು ನೆಟ್ಟಗೆ ಕುಳಿತಿದ್ದಳು. ಪ್ರತಿ ಹಂಪಿಗೂ ಅವಳು ಕಣ್ಣು ಮುಚ್ಚುತ್ತಿದ್ದಳು, ಶೈಲಜಾ ವೇಗ ಇಳಿಸುತ್ತಿದ್ದಳು. ಸವದತ್ತಿ ದಾಟಿ ಹೋದ ಮೇಲೆ ಎದುರಿಗೆ ಬಂದ ಬಸ್ಸೊಂದು ರಸ್ತೆಯನ್ನೆಲ್ಲ ತನ್ನದೇ ಮಾಡಿಕೊಂಡಿತು. ಶೈಲಜಾ ಎಡಕ್ಕೆ ಎಳೆದಳು. ಗಾಲಿಗಳು ಡಾಂಬರಿನ ಅಂಚಿನಿಂದ ದಡಕ್ಕನೆ ಕೆಸರಿಗಿಳಿದವು, ನೀರು ತುಂಬಿದ ತಗ್ಗೊಂದನ್ನು ಹಾದವು, ಮತ್ತೆ ಮೇಲೆ ಹತ್ತಿದವು. ಗಾಡಿ ಜಾರಲಿಲ್ಲ. ಆದರೆ ಹಿಂದಿನ ಡಬ್ಬಿಗಳು ಎದ್ದು ಕೂತ ಸದ್ದು ಇಬ್ಬರಿಗೂ ಕೇಳಿತು.

"ನಿಲ್ಲಸಿ ನೋಡೂಣೇನು?" ಎಂದಳು ಶೈಲಜಾ.

"ಬ್ಯಾಡ್ರಿ. ಆದದ್ದು ಅಲ್ಲೇ ಗೊತ್ತಾಗ್ಲಿ" ಎಂದಳು ಇಂದ್ರವ್ವ. ಅವಳ ದನಿ ಸಣ್ಣದಾಗಿತ್ತು. ಶೈಲಜಾ ಗೇರು ಬದಲಿಸಿ ಮುಂದೆ ನಡೆಸಿದಳು.

ರಾಮದುರ್ಗದಲ್ಲಿ ಮಹಾನಂದಾಳ ಮನೆಯ ಕಟ್ಟೆಯ ಮೇಲೆ ಸಂಘದ ಹೆಂಗಸರು ತಾಟು ಹಿಡಿದು ಕಾಯುತ್ತಿದ್ದರು. ಒಳಗಿನಿಂದ ಬದನೆಯ ಎಣಗಾಯಿ ಪಲ್ಯೆಯ ವಾಸನೆ. ಮಹಾನಂದಾ ಇಂದ್ರವ್ವನನ್ನು ನೋಡಿ ಸ್ವಲ್ಪ ಮುಜುಗರಪಟ್ಟಳು, ಆದರೆ ಮಾತು ಮಾತೇ. ಮೊದಲ ಡಬ್ಬಿ ತರಿಸಿ ಮುಚ್ಚಳ ತೆಗೆದಳು. ಮೇಲಿನದು ನೆಟ್ಟಗಿತ್ತು. ಎತ್ತಿ ಪಕ್ಕಕ್ಕಿಟ್ಟಳು. ಅದರ ಕೆಳಗಿನದು, ಅದರ ಕೆಳಗಿನದು. ತಳದವರೆಗೂ ಕೈ ಹಾಕಿದಳು. ಒಂದೂ ಮುರಿದಿರಲಿಲ್ಲ. ಎರಡನೆಯ ಡಬ್ಬಿ ತಾನೇ ಬಿಚ್ಚಿದಳು, ಮೂರನೆಯದನ್ನು ಹೆಂಗಸರು ಬಿಚ್ಚಿದರು, ಆಮೇಲೆ ಎಲ್ಲರೂ ಮೇಲೆ ಬಿದ್ದು ಎಲ್ಲವನ್ನೂ ಬಿಚ್ಚಿದರು. ಕಟ್ಟೆಯ ತುಂಬ ಬಿಳಿ ಬಿಳಿ ರೊಟ್ಟಿ. ಯಾರೋ ಒಬ್ಬಾಕೆ ಬೆರಳಿಂದ ಚಿಮ್ಮಿದಳು, ಟಣ್ ಎಂದಿತು. ಎಲ್ಲರೂ ಚಿಮ್ಮತೊಡಗಿದರು.

ಶೈಲಜಾ ಕಟ್ಟೆಯ ಕಂಬ ಹಿಡಿದು ನಿಂತಿದ್ದಳು. ಗೆದ್ದೆ ಎಂದು ಕೂಗಬೇಕೆನ್ನಿಸಿತು, ಕೂಗಲಿಲ್ಲ. ಇಂದ್ರವ್ವನ ಮುಖವನ್ನೇ ನೋಡಿದಳು.

ಮಹಾನಂದಾ ಎಲ್ಲಕ್ಕಿಂತ ಅಗಲದ ಒಂದು ರೊಟ್ಟಿ ಎತ್ತಿಕೊಂಡು ಇಂದ್ರವ್ವನ ಮುಂದೆ ಬಂದಳು. "ಅವ್ವಾ, ನಾ ಆಡಿದ ಮಾತ ತಪ್ಪ ಆತ್ರಿ. ಕೈ ಅಂದ್ರ ನಿಮ್ಮದ ಕೈ. ಇವತ್ತಿನ ಮೊದಲ ತುತ್ತ ನೀವ ತೊಗೋಬೇಕು." ಬಾಯಲ್ಲಿ ಹಾಗೆಂದವಳು ರೊಟ್ಟಿಯನ್ನು ಹಿಡಿದು ಸುಮ್ಮನೆ ನಿಂತಳು. ಇಷ್ಟು ದೂರದಿಂದ ಇಷ್ಟು ನೆಟ್ಟಗೆ ಬಂದದ್ದನ್ನು ಮುರಿಯಲು ಅವಳ ಕೈ ಏಳಲೊಲ್ಲದು.

ಬೆಳಗಿನಿಂದ ಬಿಗಿದುಕೊಂಡಿದ್ದ ಇಂದ್ರವ್ವನ ಮುಖ ಸಡಿಲಾಯಿತು. ಅವಳು ಬಾಯಿ ತುಂಬ ನಕ್ಕಳು.

"ಮುರೀರಿ, ಮುರೀರಿ. ಹಿಂಗ ಕೈಯಾಗ ಮುರ್ಯಾಕಂತನ ಬಡದೇನಿ."

ಮಹಾನಂದಾ ಮುರಿದಳು. ಆ ಸದ್ದು ಕಟ್ಟೆಯ ಆಚೆ ಕಾರಿನವರೆಗೂ ಕೇಳಿತು.